ಮೀನಿಲ್ಲದ ತ್ಸುಯು, ಡಬ್ಬಿಯಲ್ಲಿ ಅಂಟದ ಸೋಬಾ: ನನ್ನ ಅನುಭವ

ಬೆಳಿಗ್ಗೆ ಆರಕ್ಕೆ ತುಂಬಿದ ಡಬ್ಬಿಯನ್ನು ಮಧ್ಯಾಹ್ನ ತೆರೆದರೆ ಸೋಬಾ, ಅಂದರೆ ಬಕ್‌ವೀಟ್ (ಕುಟ್ಟು) ಹಿಟ್ಟಿನ ಜಪಾನಿ ಶಾವಿಗೆ, ಈಗ ಎಳೆ ಎಳೆಯಾಗಿ ಬಿಡಿಸಿಕೊಳ್ಳುತ್ತದೆ. ಸೌತೆಕಾಯಿ ಕರುಂ ಅನ್ನುತ್ತದೆ, ತಳದಲ್ಲಿ ನೀರು ನಿಂತಿರುವುದಿಲ್ಲ, ಸೋಬಾಕ್ಕೆ ಹಾಕುವ ಸಾರಾದ ತ್ಸುಯುವಿನಲ್ಲಿ ಮೀನಿನ ಸುಳಿವೂ ಇಲ್ಲ. ಇದು ಆಗುವುದಿಲ್ಲ ಅಂದವರೇ ಜಾಸ್ತಿ ಇದ್ದರು. ಕತ್ಸುವೊಬುಶಿ (ಒಣಗಿಸಿ ಹೆರೆದ ಮೀನು) ಹಾಕದೆ ತಣ್ಣನೆ ಸೋಬಾಕ್ಕೆ ರುಚಿಯೇ ಬರುವುದಿಲ್ಲ ಅಂತ ಪಕ್ಕದ ಮನೆಯ ಜಪಾನಿ ಅಜ್ಜಿ ಮೆತ್ತಗೆ ತಲೆಯಾಡಿಸಿದರು. ಇಲ್ಲಿ ಟೋಕಿಯೊದ ನಿಶಿ ಕಸಾಯಿಯಲ್ಲಿರುವ ನಮ್ಮವರದ್ದು ಇನ್ನೊಂದು ರಾಗ. ಧಾರವಾಡ ಕಡೆಯ ಹಿರಿಯರೊಬ್ಬರು, “ಶಾವಿಗಿ ತಣ್ಣಗ ಮಾಡಿದ್ರ ಯಾರ್ ತಿಂತಾರವಾ? ಬಿಸಿ ಹಾಲು ಬೆಲ್ಲ ಹಾಕಿ ಕೊಡು, ತಿಂತೀನಿ” ಅಂದುಬಿಟ್ಟರು.

ನಾನು ಹಟ ಹಿಡಿದದ್ದಕ್ಕೆ ಮೊದಲ ಕಾರಣ ದುಡ್ಡು. ಜೂನ್ ಬಂತೆಂದರೆ ಹೋಟೆಲುಗಳ ಬಾಗಿಲಲ್ಲಿ ‘ಹಿಯಾಶಿ ಚೂಕಾ ಶುರುವಾಗಿದೆ’ ಅಂತ ತಣ್ಣನೆ ನೂಡಲ್ಸ್‌ನ ಬೋರ್ಡು ತೂಗುತ್ತದೆ, ಕೊಂಬಿನಿ ಅನ್ನುವ ಸಣ್ಣ ದಿನಸಿ ಅಂಗಡಿಗಳ ತಣ್ಣನೆ ಅಲಮಾರಿ ನೂಡಲ್ಸ್‌ನಿಂದ ತುಂಬುತ್ತದೆ. ಒಂದು ಡಬ್ಬಿಗೆ ಹತ್ತಿರ ಹತ್ತಿರ 600 ಯೆನ್. ಅಷ್ಟು ಕೊಟ್ಟರೂ ಮೇಲೆ ಹ್ಯಾಮ್, ಪೊಟ್ಟಣದ ತಾರೆಯಲ್ಲಿ (ಮೇಲೆ ಸುರಿಯುವ ಸಾಸ್) ಮೀನಿನದೋ ಕೋಳಿಯದೋ ಸತ್ತ್ವ. ಸರಿ, ಬಾಟಲಿಯಲ್ಲಿ ಸಿದ್ಧವಾಗಿ ಬರುವ ಮೆನ್‌ತ್ಸುಯು ತಂದು ಮನೆಯಲ್ಲೇ ಮಾಡೋಣ ಅಂದರೆ ಅಲ್ಲೂ ಅದೇ ಗೋಳು. ಮುಂದೆ ದಪ್ಪಗೆ ‘ಕೊಂಬು’ (ಒಣಗಿಸಿದ ಕಡಲಪಾಚಿ) ಅಂತ ಬರೆದ ಬಾಟಲಿಯನ್ನು ತಿರುಗಿಸಿ ಓದಿದರೆ ಸಣ್ಣಕ್ಷರದಲ್ಲಿ ಕತ್ಸುವೊ ಮೀನು ಕೂತಿರುತ್ತದೆ. ಅಂಥ ಬಾಟಲಿಗಳಿಗೆ ಸುರಿದ ದುಡ್ಡಿನಲ್ಲಿ ಒಂದು ಒಳ್ಳೆಯ ಕುಕ್ಕರ್ ಬರುತ್ತಿತ್ತು. ಶುದ್ಧ ಸಸ್ಯಾಹಾರಿ ತ್ಸುಯು ಸಿಗುವುದಿಲ್ಲ ಅಂತಲ್ಲ. ಸಿಗುತ್ತದೆ, ಬೆಲೆ ದುಪ್ಪಟ್ಟು, ಬಾಟಲಿ ಚಿಕ್ಕದು.

ತ್ಸುಯುವಿನ ತಳಹದಿಯ ತಿಳಿಸಾರು ದಾಶಿಯಿಂದ ಶುರು ಮಾಡುತ್ತೇನೆ. ಝೆನ್ ದೇವಾಲಯಗಳ ಸಸ್ಯಾಹಾರಿ ಶೋಜಿನ್ ಅಡುಗೆ ಕೊಂಬು, ಒಣ ಶಿಯಿತಾಕೆ ಅಣಬೆ ಎರಡರ ಮೇಲೇ ನೂರಾರು ವರ್ಷದಿಂದ ನಡೆದಿದೆ. ಹಾಗಿರುವಾಗ ಮೀನಿಲ್ಲದೆ ಆಗುವುದಿಲ್ಲ ಅನ್ನುವ ಮಾತನ್ನು ನಾನು ಒಪ್ಪಲೇ ಇಲ್ಲ. ರಸಾಯನ ವಿಜ್ಞಾನಿ ಕಿಕುನಾಯೆ ಇಕೆದಾ 1908ರಲ್ಲಿ ಉಮಾಮಿ ಅನ್ನುವ ಸಾರಿನ ಆಳದ ರುಚಿ ಕೊಡುವ ಗ್ಲುಟಮೇಟ್ ಬೇರ್ಪಡಿಸಿದ್ದೂ ಇದೇ ಕೊಂಬುವಿನಿಂದ. ತೊಂದರೆ ಇದ್ದದ್ದು ಪ್ರಮಾಣದಲ್ಲಿ. ತಣ್ಣಗಾದ ಮೇಲೆ ನಾಲಿಗೆಗೆ ಸಿಹಿ, ಉಮಾಮಿ ಎರಡೂ ಮಂಕಾಗುತ್ತವೆ. ಬಿಸಿ ಸಾರಿಗೆ ಲೀಟರಿಗೆ 10 ಗ್ರಾಂ ಕೊಂಬು ಸಾಕು. ಅದೇ ಲೆಕ್ಕದಲ್ಲಿ ತಣ್ಣನೆ ತ್ಸುಯು ಮಾಡಿದರೆ ಸೋಯಾಸಾಸ್ ಬೆರೆಸಿದ ನೀರು ಕುಡಿದ ಹಾಗಿರುತ್ತದೆ. ಈಗ ಲೀಟರಿಗೆ 20 ಗ್ರಾಂ ಹಾಕುತ್ತೇನೆ, ಒಮ್ಮೊಮ್ಮೆ ಚೂರು ಹೆಚ್ಚೇ. ಒಣ ಶಿಯಿತಾಕೆ ಐದಾರನ್ನು ಬೇರೆ ಪಾತ್ರೆಯಲ್ಲಿ ನೆನೆಸಿ ರಾತ್ರಿಯಿಡೀ ಫ್ರಿಜ್‌ನಲ್ಲಿಡಬೇಕು. ಬಿಸಿನೀರಲ್ಲಿ ಅರ್ಧ ಗಂಟೆ ನೆನೆಸಿ ಕೆಲಸ ಮುಗಿಸಿದರೆ ಬಣ್ಣ ಬರುತ್ತದೆ, ರುಚಿ ಬರುವುದಿಲ್ಲ. ಕೊಂಬುವನ್ನು ಕುದಿಸಿದರೆ ಲೋಳೆ ಬಿಟ್ಟು ಕಡಲಿನ ವಾಸನೆ ಏಳುತ್ತದೆ. ಅದನ್ನೂ ರಾತ್ರಿ ತಣ್ಣೀರಲ್ಲೇ ಬಿಡಿ. ಎರಡು ನೀರನ್ನೂ ಬೆರೆಸುವುದು ಬೆಳಿಗ್ಗೆ.

ಕೊಂಬುವಿನ ಬೆಲೆ ಗೊತ್ತಲ್ಲ. ರಿಶಿರಿ ಜಾತಿಯದು ತಂದೆ, ರೌಸು ತಂದೆ, 100 ಗ್ರಾಂಗೆ ಸಾವಿರ ಯೆನ್‌ಗೂ ಮೇಲೆ ಕೊಟ್ಟ ನೆನಪು. ರೌಸು ಗಟ್ಟಿ ಸಾರು ಕೊಟ್ಟಿತು, ನಿಜ, ಆದರೆ ದಿನದ ಡಬ್ಬಿಗೆ ಆ ಬೆಲೆ ಕಟ್ಟುವುದಿಲ್ಲ. ಹಿದಾಕಾ ಅಗ್ಗ. ಅದು ಬೇಯಿಸಿ ತಿನ್ನುವುದಕ್ಕೆ ಚೆನ್ನ, ಈ ಕೆಲಸಕ್ಕೆ ಸಪ್ಪೆ. ಕೊನೆಗೆ ಕೈ ಹಿಡಿದದ್ದು ಮಾಕೊಂಬುವಿನ ಕಿರೆಹಾಶಿ, ಅಂದರೆ ಅಂಚು ಕತ್ತರಿಸಿ ಉಳಿದ ಚೂರುಗಳು. ನೋಡಲು ಚೆನ್ನಾಗಿಲ್ಲ, ಬೆಲೆ ಅರ್ಧ, ಸಾರಿಗೆ ಯಾವ ಕೊರತೆಯೂ ಇಲ್ಲ. ಶಿಯಿತಾಕೆಯಲ್ಲೂ ಮುರುಕು ಪೊಟ್ಟಣವನ್ನೇ ಹುಡುಕಿ. ಮೇಲಿನ ಬಿಳಿ ಪುಡಿಯನ್ನು ಬೂಷ್ಟು ಅಂದುಕೊಂಡು ಕೊಂಬು ತೊಳೆಯುವವರನ್ನು ನೋಡಿದ್ದೇನೆ. ತೊಳೆಯಬೇಡಿ, ಒದ್ದೆ ಬಟ್ಟೆಯಲ್ಲಿ ಹಗುರಾಗಿ ಒರೆಸಿದರೆ ಸಾಕು.

ಇನ್ನು ದಾಶಿಗೆ ಬೆರೆಸುವ ಸೋಯಾಸಾಸ್ ಮಿಶ್ರಣ ಕಾಯೆಶಿ. ಅದಕ್ಕೆ ಮಿರಿನ್ (ಸಿಹಿ ಅಕ್ಕಿ ಮದ್ಯ) ಸುಮಾರು 100 ಮಿಲೀ ಕುದಿಸಿ ಅದರ ಮದ್ಯ ಹಾರಿಸಿ, 80–90 ಗ್ರಾಂ ಸಕ್ಕರೆ ಕರಗಿಸಿ, ಅರ್ಧ ಲೀಟರ್ ಶೋಯು (ಸೋಯಾಸಾಸ್) ಹಾಕಿ ಅಂಚಿನಲ್ಲಿ ಸಣ್ಣ ನೊರೆ ಕಂಡ ತಕ್ಷಣ ಇಳಿಸಬೇಕು. ಕುದಿ ಬಂದರೆ ಘಮ ಹೋಯಿತು. ಒಂದು ವಾರ ಕತ್ತಲಲ್ಲಿ ಇಟ್ಟರೆ ಶೋಯುವಿನ ಚುರುಕು ಉಪ್ಪು ಮೆತ್ತಗಾಗುತ್ತದೆ. ಮಿರಿನ್ ಬೇಡ ಅನ್ನುವ ಮನೆಗಳಿಗೆ ಅದನ್ನು ಬಿಟ್ಟು, ಸಕ್ಕರೆಯ ಬದಲು ಊರಿಂದ ತಂದ ಬೆಲ್ಲ ಹಾಕಿ ನೋಡಿದೆ. ಮಂಡ್ಯದ ಅಚ್ಚುಬೆಲ್ಲ ಅದ್ಭುತವಾಗಿ ಹೊಂದಿತು, ಬಣ್ಣ ಮಾತ್ರ ಕಾಫಿ ಡಿಕಾಕ್ಷನ್. ಒಕಿನಾವಾದ ಕಪ್ಪು ಸಕ್ಕರೆಯೂ ಅದೇ ಜಾತಿ, ಬೆಲೆ ಹೆಚ್ಚು. ಹುಣಸೆರಸ ಹಾಕಿದ ಪ್ರಯೋಗ ಕೆಟ್ಟಿತು. ತ್ಸುಯು ಕದಡಿ ಪುಳಿಯೋಗರೆ ಗೊಜ್ಜಿನ ಕಡೆಗೆ ಹೋಯಿತು. ಹುಳಿಗೆ ಅಕ್ಕಿ ವಿನೆಗರ್, ಆಗಸ್ಟಿನಲ್ಲಾದರೆ ತೊಕುಶಿಮಾದ ಹಸಿರು ಸುದಾಚಿ ನಿಂಬೆ. ಅದರ ಸಿಪ್ಪೆಯನ್ನೂ ಬಿಡಬೇಡಿ.

ಅದ್ದಿ ತಿನ್ನುವ ಝರು ಸೋಬಾಕ್ಕೆ ಮೂರು ಪಾಲು ದಾಶಿ, ಒಂದು ಪಾಲು ಕಾಯೆಶಿ. ತರಕಾರಿ ಬೆರೆಸುವಾಗ ನನ್ನದು ಎರಡಕ್ಕೆ ಒಂದು, ಏಕೆಂದರೆ ಎಷ್ಟೇ ಹಿಂಡಿದರೂ ತರಕಾರಿ ತನ್ನ ನೀರನ್ನು ಕೊಟ್ಟೇ ಕೊಡುತ್ತದೆ. ಇದರ ಮೇಲೆ ಹುರಿದು ಅರೆದ ಎಳ್ಳು, ನಾಲ್ಕು ಹನಿ ಎಳ್ಳೆಣ್ಣೆ. ಇನ್ನೊಂದು ಚಿಟಿಕೆ ವಸ್ತು ಹಾಕುತ್ತೇನೆ, ಅದು ನಮ್ಮ ಮನೆಯಲ್ಲೇ ಇರಲಿ. ಎಳ್ಳಿನ ಜಾಗದಲ್ಲಿ ಹುಚ್ಚೆಳ್ಳು ಪುಡಿ ಹಾಕಿದರೆ ಬೇರೆಯದೇ ತಿಂಡಿ. ಕಪ್ಪಗೆ ಕಾಣುತ್ತದೆ, ಮಕ್ಕಳು ಮುಟ್ಟಲಿಲ್ಲ, ನನಗೆ ಮಾತ್ರ ಅದೇ ಇಷ್ಟ.

ಈಗ ನೀರಿನ ವಿಷಯ. ಈ ಅಡುಗೆ ಗೆಲ್ಲುವುದೂ ಸೋಲುವುದೂ ಅಲ್ಲೇ. ಸೋಬಾ ಕೊಳ್ಳುವಾಗ ಪೊಟ್ಟಣದ ಹಿಂದೆ ಗೋಧಿ ಹಿಟ್ಟು ಮೊದಲಿದೆಯೋ ಸೋಬಾ ಹಿಟ್ಟು ಮೊದಲಿದೆಯೋ ನೋಡಿ. ಯಾವುದು ಹೆಚ್ಚಿದೆಯೋ ಅದು ಮುಂದೆ ಇರುತ್ತದೆ. ನೂರಕ್ಕೆ ನೂರು ಸೋಬಾ ಹಿಟ್ಟಿನ ಜೂವಾರಿ ಆಗಲೇ ತಿನ್ನುವುದಕ್ಕೆ ಸರಿ, ಡಬ್ಬಿಯಲ್ಲಿ ಮಧ್ಯಾಹ್ನದ ಹೊತ್ತಿಗೆ ತುಂಡು ತುಂಡಾಗುತ್ತದೆ. 400 ಯೆನ್ ಪೊಟ್ಟಣ ಹಾಗೆ ಹಾಳಾಗುವುದನ್ನು ನೋಡಲಾಗದು. ಡಬ್ಬಿಗೆ ಎಂಟು ಪಾಲು ಸೋಬಾ ಹಿಟ್ಟಿಗೆ ಎರಡು ಪಾಲು ಗೋಧಿಯ ನಿಹಾಚಿ, ಅಥವಾ ಅರ್ಧಕ್ಕರ್ಧ. ಬೇಯಿಸುವ ನೀರಿಗೆ ಜಿಪುಣತನ ಬೇಡ, 100 ಗ್ರಾಂಗೆ ಒಂದು ಲೀಟರಿಗಿಂತ ಹೆಚ್ಚೇ ಇರಲಿ.

ಬೆಂದ ಮೇಲೆ ತೊಳೆಯುವುದರಲ್ಲಿ ಎಲ್ಲರೂ ಅವಸರ ಮಾಡುತ್ತಾರೆ. ಜರಡಿಗೆ ಸುರಿದು ಮೇಲೆ ನಲ್ಲಿ ಬಿಟ್ಟರೆ ತೊಳೆದ ಹಾಗಾಗಲಿಲ್ಲ. ಅಗಲ ಪಾತ್ರೆಯಲ್ಲಿ ನೀರು ತುಂಬಿ, ಎರಡೂ ಅಂಗೈ ನಡುವೆ ಬಟ್ಟೆ ಒಗೆದಂತೆ ಉಜ್ಜಬೇಕು. ಮೊದಲ ನೀರು ಗಂಜಿಯಂತಾಗುತ್ತದೆ, ಚೆಲ್ಲಿ. ಎರಡನೆಯದು ಮಸುಕು. ಬೆರಳಿಗೆ ಲೋಳೆ ಹೋಗಿ ಒಂದೊಂದು ಎಳೆಯ ಅಂಚು ಚೌಕವಾಗಿ ತಾಗಿದಾಗ ಸಾಕು. ಆಮೇಲೆ ಮಂಜುನೀರು. ಆಗಸ್ಟಿನಲ್ಲಿ ಟೋಕಿಯೊದ ನಲ್ಲಿ ನೀರು ಉಗುರುಬೆಚ್ಚಗಿರುತ್ತದೆ, ಅದರಲ್ಲಿ ಸೋಬಾ ಬಿಗಿಯುವುದಿಲ್ಲ. ಮೊದಮೊದಲು ಕೊಂಬಿನಿಯಿಂದ ಮಂಜಿನ ಚೀಲ ತರುತ್ತಿದ್ದೆ. ಒಂದಕ್ಕೆ 200–300 ಯೆನ್ ಅಂದರೆ ಸೋಬಾಕ್ಕಿಂತ ಮಂಜೇ ದುಬಾರಿ. ಈಗ ಹಾಲಿನ ಖಾಲಿ ಪ್ಯಾಕೆಟ್ಟಿನಲ್ಲಿ ನೀರು ತುಂಬಿ ಫ್ರೀಜರಿಗೆ ಹಾಕಿ, ಬೇಕಾದಾಗ ಒಡೆಯುತ್ತೇನೆ. ಜರಡಿಯಲ್ಲಿ ಒತ್ತಿ ನೀರು ಇಳಿಸಿ, ಎರಡು ಬೆರಳಿಗೆ ಸುತ್ತಿ ಒಂದು ತುತ್ತಿನಷ್ಟು ಸುರುಳಿ ಮಾಡಿ, ಸುರುಳಿಗೆ ಸುರುಳಿ ತಾಗದಂತೆ ಡಬ್ಬಿಯಲ್ಲಿ ಇಡಿ. ಎಣ್ಣೆ ಸವರಿದರೆ ಅಂಟುವುದಿಲ್ಲ, ಆದರೆ ತ್ಸುಯುವೂ ಹಿಡಿಯುವುದಿಲ್ಲ. ತಿನ್ನುವ ಮುಂಚೆ ಬಿಡಿಸಲು ಕೊಂಬಿನಿ ಡಬ್ಬಿಗಳಲ್ಲಿ ಒಂದು ಪುಟ್ಟ ನೀರಿನ ಪೊಟ್ಟಣ ಇಡುವುದುಂಟು. ನಾನೂ ಸಣ್ಣ ಸೀಸೆ ಇಡುತ್ತೇನೆ. ಅದರಲ್ಲಿ ಬರೀ ನೀರಿಲ್ಲ, ಅಷ್ಟು ಹೇಳಬಲ್ಲೆ.

ಸೌತೆಕಾಯಿಯನ್ನು ಉಪ್ಪಿನಲ್ಲಿ ಹಲಗೆಯ ಮೇಲೆ ಉರುಳಿಸಿ, ಬೀಜದ ತಿರುಳು ತೆಗೆದು, ಕಡ್ಡಿ ಕಡ್ಡಿಯಾಗಿ ಹೆಚ್ಚಿ ಹಿಂಡಬೇಕು. ಮೂಲಂಗಿಗೂ ಅದೇ ಶಿಕ್ಷೆ. ಟೊಮೆಟೊ ಹೆಚ್ಚಿದರೆ ಕೆಟ್ಟಿತು, ಚೆರ್ರಿ ಟೊಮೆಟೊ ಇಡಿಯಾಗಿ ಹಾಕಿ. ಬೆಂಡೆಕಾಯಿ ನಿಮಿಷ ಬೇಯಿಸಿ ಅಡ್ಡ ಹೆಚ್ಚಿದರೆ ಅದರ ಲೋಳೆಯೇ ತ್ಸುಯುವನ್ನು ಎಳೆಗೆ ಹಿಡಿಸುತ್ತದೆ. ನಮ್ಮವರು ಮೂಗು ಮುರಿಯುವುದು ಇಲ್ಲೇ, ನಾನು ಬಿಡುವುದಿಲ್ಲ. ಮೊಟ್ಟೆಯ ಜಾಗಕ್ಕೆ ಅಬುರಾಗೆ (ಕರಿದ ತೋಫು). ಬಿಸಿನೀರು ಸುರಿದು ಎಣ್ಣೆ ತೆಗೆದು, ಟೋಸ್ಟರಿನಲ್ಲಿ ಗರಿ ಮಾಡಿ, ಸಣ್ಣಗೆ ಕತ್ತರಿಸಿ. ಶಿಸೊ ಎಲೆ, ಮ್ಯೋಗಾ (ಶುಂಠಿ ಜಾತಿಯ ಮೊಗ್ಗು) ಬಡಿಸುವಾಗ ಹಾಕಿ.

ಎಲ್ಲ ಸೇರಿ ಈಗ ಡಬ್ಬಿಗೆ 220ರಿಂದ 250 ಯೆನ್ ಬೀಳುತ್ತದೆ, ಸುದಾಚಿ ಇದ್ದರೆ ಸ್ವಲ್ಪ ಮೇಲೆ. ದಾಶಿ ಬಿಟ್ಟ ಕೊಂಬು, ಶಿಯಿತಾಕೆಯನ್ನೂ ಎಸೆಯುವುದಿಲ್ಲ. ಎಣ್ಣೆಯಲ್ಲಿ ಚೆನ್ನಾಗಿ ಹುರಿದು ತೆಂಗಿನಕಾಯಿ, ಹಸಿಮೆಣಸಿನಕಾಯಿ ಜೊತೆ ರುಬ್ಬಿದರೆ ದೋಸೆಗೆ ಗಟ್ಟಿ ಚಟ್ನಿ. ಹುರಿಯದೆ ರುಬ್ಬಿದರೆ ಲೋಳೆ ಲೋಳೆ.

ಜುಲೈನಲ್ಲಿ ಕಸಾಯಿ ರಿಂಕಾಯ್ ಪಾರ್ಕಿನಲ್ಲಿ ನಮ್ಮ ಕನ್ನಡದವರು ಸೇರಿದಾಗ ಸುಮಾರು ಮೂವತ್ತು ಜನಕ್ಕೆ ಇದನ್ನೇ ಮಾಡಿಕೊಂಡು ಹೋದೆ. ಮೊದಲೇ ಎಲ್ಲರಿಗೂ ಫೋನ್ ಮಾಡಿ ಸೋಬಾ ಅಲರ್ಜಿ ಇದೆಯಾ ಅಂತ ಕೇಳಿದ್ದೆ. ಅದು ಜೀವಕ್ಕೇ ಬರಬಹುದು, ದಯವಿಟ್ಟು ಹಗುರ ಮಾಡಬೇಡಿ. ಒಂದು ಮಗುವಿಗೆ ಇತ್ತು. ಆ ಮನೆಯವರಿಗೆ ಬೇರೆ ಪಾತ್ರೆ, ಬೇರೆ ಜರಡಿಯಲ್ಲಿ ಸೋಮೆನ್ (ಗೋಧಿ ಹಿಟ್ಟಿನ ತೆಳು ಶಾವಿಗೆ) ಮಾಡಿದೆ. ಸೋಮೆನ್ ಎರಡು ನಿಮಿಷದೊಳಗೆ ಬೇಯುತ್ತದೆ, ಹಿಟ್ಟಿನಲ್ಲೇ ಉಪ್ಪಿದೆ, ನೀರಿಗೆ ಮತ್ತೆ ಉಪ್ಪು ಬೇಡ. ಹೊತ್ತು ಏರುವ ಮುಂಚೆ ಎರಡೂ ಡಬ್ಬಿ ಖಾಲಿ. ಧಾರವಾಡದ ಹಿರಿಯರು ಎರಡನೇ ಸಲ ತಟ್ಟೆ ಚಾಚಿ, “ಇನ್ನೊಂದೀಟು ಖಾರ ಬೇಕಿತ್ತು ನೋಡವಾ” ಅಂದರು. ಪಕ್ಕದ ಮನೆಯ ಅಜ್ಜಿಗೆ ಕಳಿಸಿದ ಡಬ್ಬಿ ತೊಳೆದು ಬಂತು, ಜೊತೆಗೆ ಅವರ ಕುಂಡದ ಶಿಸೊ ಎಲೆ, ಯಾವ ಕೊಂಬು ಅನ್ನುವ ಪ್ರಶ್ನೆ.

ಈ ವರ್ಷ ಸೋಮೆನ್ ಕಡೆ ತಿರುಗಿದ್ದೇನೆ. ನಾರಾದ ಮಿವಾ ಸೋಮೆನ್ ದುಬಾರಿ ಅನ್ನುವವರು ಆಗಸ್ಟ್ ಕೊನೆಯವರೆಗೆ ಕಾಯಿರಿ. ಬೇಸಿಗೆ ಇಳಿಯುತ್ತಲೇ ನಮ್ಮ ಸೂಪರ್ ಮಾರ್ಕೆಟ್ಟಿನಲ್ಲಿ ಅರ್ಧ ಬೆಲೆಯ ಚೀಟಿ ಬೀಳುತ್ತದೆ. ಸೋಬಾ ಇಟ್ಟಷ್ಟೂ ಘಮ ಕಳೆದುಕೊಳ್ಳುತ್ತದೆ, ಸೋಮೆನ್ ಹಾಗಲ್ಲ. ಒಂದು ಮಳೆಗಾಲ ದಾಟಿದ ಹಳೆಯದನ್ನು ‘ಹಿನೆ’ ಅಂತ ಹೆಚ್ಚು ಬೆಲೆ ಕೊಟ್ಟೇ ಕೊಳ್ಳುವವರಿದ್ದಾರೆ. ಒಣ ಜಾಗದಲ್ಲಿ, ವಾಸನೆಯ ಸಾಮಾನಿನಿಂದ ದೂರ ಇಡಿ. ಸಾರಿನ ಪುಡಿ ಡಬ್ಬಿಯ ಪಕ್ಕದಲ್ಲಂತೂ ಬೇಡ.