ಬೇಸಿಗೆಯಲ್ಲಿ ಹಿಮದ ಮೇಲೆ ನಡೆಯಬೇಕೇ? ತುಂಗನಾಥ–ಚಂದ್ರಶಿಲಾ ಚಾರಣ ಹೀಗೆ ಮಾಡಿ

ಕೇದಾರನಾಥಕ್ಕೆ ಹೊರಟವರು ಇನ್ನೆರಡು ದಿನ ಜಾಸ್ತಿ ಇಟ್ಟುಕೊಂಡರೆ ಸಾಕು, ಹಿಮದ ಮೇಲೆ ನಡೆದು ಬರಬಹುದು. ಉತ್ತರಾಖಂಡದ ಚೋಪ್ತಾದಿಂದ ತುಂಗನಾಥ ದೇವಸ್ಥಾನಕ್ಕೆ ಸುಮಾರು 3.5 ಕಿ.ಮೀ. ಅಲ್ಲಿಂದ ಚಂದ್ರಶಿಲಾ ಶಿಖರಕ್ಕೆ ಇನ್ನೊಂದೂವರೆ ಕಿ.ಮೀ. ದೇವಸ್ಥಾನದವರೆಗೆ ಕಲ್ಲು ಹಾಸಿದ ದಾರಿಯಿದೆ. ನಮ್ಮ ಕುಮಾರಪರ್ವತ ಹತ್ತಿದವರಿಗೆ ಈ ದೂರ ಲೆಕ್ಕಕ್ಕೇ ಇಲ್ಲ. ಇಲ್ಲಿ ಲೆಕ್ಕ ಹಾಕಬೇಕಾದದ್ದು ಗಡಿಯಾರವನ್ನು.

ತಿಂಗಳು ನೋಡಿಕೊಳ್ಳಿ

ದೇವಸ್ಥಾನ ಸಾಮಾನ್ಯವಾಗಿ ಏಪ್ರಿಲ್ ಕೊನೆಗೆ ಅಥವಾ ಮೇ ಶುರುವಿಗೆ ತೆರೆಯುತ್ತದೆ. ಚಳಿಗಾಲದಲ್ಲಿ ಚೆನ್ನಾಗಿ ಹಿಮ ಬಿದ್ದ ವರ್ಷವಾದರೆ ಮೇ ಮೊದಲ ವಾರಗಳಲ್ಲೂ ಮೇಲ್ಭಾಗದಲ್ಲಿ ಉಳಿದಿರುತ್ತದೆ. ಜೂನ್‌ಗೆ ಹೋದರೆ ಬರೀ ಹುಲ್ಲುಗಾವಲು. ಜೂನ್ ಕೊನೆಗೆ ಮಳೆ ಹಿಡಿದರೆ ರಸ್ತೆಯಲ್ಲಿ ಗುಡ್ಡ ಕುಸಿತದ ಕಾಟ. ಹೊರಡುವ ಮೊದಲು ಚೋಪ್ತಾದ ಯಾವುದಾದರೂ ವಸತಿಯವರಿಗೆ ಫೋನ್ ಮಾಡಿ, ಹಿಮ ಎಷ್ಟಿದೆ ಎಂದು ಕೇಳಿ.

ಹಿಂದಿನ ರಾತ್ರಿ ಚೋಪ್ತಾದಲ್ಲೇ ಮಲಗಿ

ಋಷಿಕೇಶದಿಂದ ಇಲ್ಲಿಗೆ ಸುಮಾರು 200 ಕಿ.ಮೀ. ಘಾಟಿ ರಸ್ತೆಯಾದ್ದರಿಂದ ಇಡೀ ದಿನ ಬೇಕು. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್. ಚೋಪ್ತಾ ಇರುವುದೇ 2,600 ಮೀಟರಿಗಿಂತ ಮೇಲೆ. ಒಂದು ರಾತ್ರಿ ಕಳೆದರೆ ಮೈ ಸ್ವಲ್ಪ ಹೊಂದಿಕೊಳ್ಳುತ್ತದೆ. ಕರೆಂಟು, ನೆಟ್‌ವರ್ಕ್ ಎರಡನ್ನೂ ಇಲ್ಲಿ ನಂಬಬೇಡಿ. ದಾರಿಯಲ್ಲಿ ಸಿಗುವ ಉಖೀಮಠ ಪಟ್ಟಣದಲ್ಲೇ ಪವರ್ ಬ್ಯಾಂಕ್ ತುಂಬಿಸಿ, ಕೈಯಲ್ಲಿ ನಗದು ಇಟ್ಟುಕೊಳ್ಳಿ.

ಬಟ್ಟೆ, ಬ್ಯಾಗು

ಜೀನ್ಸ್ ಬೇಡ. ಒದ್ದೆಯಾದರೆ ಒಣಗುವುದಿಲ್ಲ, ಚಳಿಗೆ ಕಾಲು ಮರಗಟ್ಟುತ್ತದೆ. ಬೇಗ ಒಣಗುವ ಟೀ ಶರ್ಟ್, ಮೇಲೆ ಸ್ವೆಟರ್, ಅದರ ಮೇಲೆ ಗಾಳಿ-ಮಳೆ ತಡೆಯುವ ಜರ್ಕಿನ್. ಹತ್ತುವಾಗ ಬೆವರು ಬರುವ ಮೊದಲೇ ಒಂದು ಪದರ ಕಳಚಿ, ನಿಂತ ಕೂಡಲೇ ಹಾಕಿಕೊಳ್ಳಿ. ಕೈಗವಸು, ಮಂಕಿ ಕ್ಯಾಪ್, ಇನ್ನೊಂದು ಜೊತೆ ಕಾಲುಚೀಲ ಇರಲಿ. ಕೂಲಿಂಗ್ ಗ್ಲಾಸ್ ಫೋಟೊಗಷ್ಟೇ ಅಂದುಕೊಳ್ಳಬೇಡಿ. ಹೊಸ ಹಿಮ ಅತಿನೇರಳೆ ಕಿರಣಗಳನ್ನು ಶೇ 80ರವರೆಗೂ ವಾಪಸ್ ಎಸೆಯುತ್ತದೆ. ಬರಿಗಣ್ಣಲ್ಲಿ ಓಡಾಡಿದರೆ ಸಂಜೆಗೆ ಕಣ್ಣಿಗೆ ಮರಳು ಬಿದ್ದ ಹಾಗೆ ಉರಿ. ಸನ್‌ಸ್ಕ್ರೀನ್ ಗಲ್ಲದ ಕೆಳಗೆ, ಮೂಗಿನ ಅಡಿಗೂ ಹಚ್ಚಿ. ಬಿಸಿಲು ಅಲ್ಲಿ ಕೆಳಗಿನಿಂದಲೂ ಬರುತ್ತದೆ!

ಐದಕ್ಕೆ ಹೊರಡಿ

ಹಿಮದ ಸ್ವಭಾವ ಗಂಟೆಗೊಂದು ಥರ. ನಿನ್ನೆ ಜನ ತುಳಿದು ಕರಗಿಸಿದ್ದು ರಾತ್ರಿ ಹೆಪ್ಪುಗಟ್ಟಿ, ಬೆಳಗಿನ ಜಾವ ಗಾಜಿನಂತೆ ಜಾರುತ್ತದೆ. ಮಧ್ಯಾಹ್ನ ಅದೇ ಜಾಗದಲ್ಲಿ ಮೊಣಕಾಲವರೆಗೆ ಹೂತುಹೋಗುತ್ತೀರಿ. ಬಿಸಿಲು ಬಿದ್ದು ಮೇಲ್ಪದರ ತುಸು ಮೆದುವಾದ ಹೊತ್ತೇ ನಡೆಯಲು ಹಿತ. ಐದಕ್ಕೆ ಚೋಪ್ತಾ ಬಿಟ್ಟು ನಿಧಾನಕ್ಕೆ ಹತ್ತಿದರೆ ಎಂಟರ ಸುಮಾರಿಗೆ ದೇವಸ್ಥಾನದ ಹತ್ತಿರ ಇರುತ್ತೀರಿ. ಶಿಖರದ ದಾರಿಗೆ ಅದೇ ಸರಿಯಾದ ಸಮಯ. ಬೂಟಿಗೆ ಕಟ್ಟುವ ಮುಳ್ಳುಪಟ್ಟಿ ಬಾಡಿಗೆಗೆ ಸಿಗುತ್ತದಾ ಎಂದು ಹಿಂದಿನ ಸಂಜೆಯೇ ಅಂಗಡಿಗಳಲ್ಲಿ ವಿಚಾರಿಸಿ. ಕೋಲಂತೂ ಬೇಕೇ ಬೇಕು.

ಹತ್ತುವಾಗ ಬೂಟಿನ ತುದಿಯಿಂದ ಹಿಮಕ್ಕೆ ಒದ್ದು ಮೆಟ್ಟಿಲು ಮಾಡಿಕೊಳ್ಳಿ. ಮುಂದಿನವರ ಹೆಜ್ಜೆಗುರುತಿನಲ್ಲೇ ಕಾಲಿಡಿ. ಇಳಿಯುವಾಗ ಹಿಂದಕ್ಕೆ ವಾಲಬೇಡಿ. ಮೊಣಕಾಲು ಸ್ವಲ್ಪ ಬಗ್ಗಿಸಿ ಹಿಮ್ಮಡಿಯನ್ನು ಬಲವಾಗಿ ಊರಿ. ದೊಡ್ಡ ಬಂಡೆಗಳ ಪಕ್ಕ ಹುಷಾರು. ಬಂಡೆ ಬಿಸಿಲಿಗೆ ಕಾದು ಸುತ್ತಲಿನ ಹಿಮ ಒಳಗೊಳಗೇ ಕರಗಿ ಟೊಳ್ಳಾಗಿರುತ್ತದೆ. ಕಾಲಡಿ ನೀರು ಹರಿಯುವ ಸದ್ದು ಕೇಳಿದರೂ ಅಷ್ಟೇ, ದಾರಿ ಬದಲಿಸಿ. ಇಳಿಜಾರಲ್ಲಿ ಕೂತು ಜಾರುವ ಆಟ ರೀಲ್ಸ್‌ಗೆ ಚೆಂದ, ಆದರೆ ಕೆಳಗೆ ಬಂಡೆಯಿದ್ದರೆ ನಿಲ್ಲಿಸಲು ಬ್ರೇಕ್ ಇರುವುದಿಲ್ಲ. ಹಿಮ ಇಲ್ಲದ ಕಡೆ ಅಡ್ಡದಾರಿ ಬೇಡ. ಅಲ್ಲಿನವರು ಬುಗ್ಯಾಲ್ ಎನ್ನುವ ಆ ಹುಲ್ಲುಗಾವಲು ತುಳಿದರೆ ಚೇತರಿಸಿಕೊಳ್ಳಲು ವರ್ಷಗಳು ಬೇಕು.

ತಲೆನೋವು ಬಂದರೆ

ಶಿಖರದಲ್ಲಿ ಗಾಳಿಯ ಒತ್ತಡ ನಮ್ಮ ಕರಾವಳಿಯ ಹೆಚ್ಚುಕಡಿಮೆ ಮೂರನೇ ಎರಡರಷ್ಟು. ಮಾತಾಡುತ್ತಾ ಹತ್ತಲು ಆಗುವಷ್ಟೇ ವೇಗ ಇರಲಿ. ಬಾಯಾರದಿದ್ದರೂ ಆಗಾಗ ನೀರು ಕುಡಿಯಿರಿ. ಚಿಕ್ಕಿ, ಖರ್ಜೂರ ಜೇಬಲ್ಲಿರಲಿ. ತಲೆನೋವಿನ ಜೊತೆ ವಾಂತಿ, ತಲೆಸುತ್ತು ಬಂದರೆ ಮಾತ್ರೆ ನುಂಗಿ ಮುಂದೆ ಹೋಗಬೇಡಿ, ಕೆಳಗೆ ಇಳಿಯಿರಿ. ಹೃದಯ, ಶ್ವಾಸಕೋಶದ ತೊಂದರೆ ಇರುವವರು ಊರಲ್ಲೇ ವೈದ್ಯರನ್ನು ಕೇಳಿ ಬನ್ನಿ.

ಹನ್ನೊಂದಕ್ಕೆ ಇಳಿಯಲು ಶುರು

ಆಕಾಶ ತಿಳಿಯಾಗಿದ್ದರೆ ಶಿಖರದಿಂದ ಚೌಖಂಬಾ, ನಂದಾದೇವಿ, ತ್ರಿಶೂಲ ಕಾಣುತ್ತವೆ. ಹೊತ್ತೇರಿದಂತೆ ಮೋಡ ಕವಿಯುವುದು ಜಾಸ್ತಿ. ಮಧ್ಯಾಹ್ನ ಗುಡುಗು, ಆಲಿಕಲ್ಲು ಇಲ್ಲಿ ಹೊಸದಲ್ಲ. ಬೋಳು ಶಿಖರದಲ್ಲಿ ಗುಡುಗು ಕೇಳಿದರೆ ಫೋಟೊ ಬಿಟ್ಟು ಇಳಿಯಿರಿ. ಹನ್ನೊಂದಾದರೂ ಶಿಖರ ಮುಟ್ಟಿಲ್ಲವೇ? ಅಲ್ಲಿಂದಲೇ ತಿರುಗಿ.

ದೇವಸ್ಥಾನದ ದರ್ಶನವನ್ನು ಇಳಿಯುವಾಗ ಇಟ್ಟುಕೊಂಡರೆ ಅವಸರ ಇರುವುದಿಲ್ಲ. ಎರಡು ಗಂಟೆಯೊಳಗೆ ಚೋಪ್ತಾ ತಲುಪಿದರೆ ಬೆಳಕಿರುವಾಗಲೇ ಉಖೀಮಠ ಸೇರಬಹುದು. ವೀರಶೈವ ಪಂಚಪೀಠಗಳಲ್ಲಿ ಒಂದಾದ ಕೇದಾರ ಪೀಠ ಅಲ್ಲಿದೆ. ಚಳಿಗಾಲದಲ್ಲಿ ಕೇದಾರನಾಥನಿಗೆ ಪೂಜೆ ನಡೆಯುವ ಓಂಕಾರೇಶ್ವರ ದೇವಸ್ಥಾನವೂ ಅಲ್ಲೇ.