ಪಿಡಿಎಸ್ 70ರ ಡೇಟಾದಲ್ಲಿ ಎಚ್-ಆಲ್ಫಾ ಹುಡುಕಿದ್ದು: ನನ್ನ ಅನುಭವ

ಗ್ರಹ ಇನ್ನೂ ಬೆಳೀತಿರುವಾಗ ಸುತ್ತಲಿನ ಗ್ಯಾಸ್ ಅದರ ಮೇಲೆ ಬೀಳ್ತಾ ಇರುತ್ತೆ, ಗುರುವಿಗಿಂತ ಮೂರ್ನಾಲ್ಕು ಪಟ್ಟು ತೂಕದ್ದಾದ್ರೆ ಬೀಳೋ ವೇಗ ಸೆಕೆಂಡಿಗೆ 100 ಕಿ.ಮೀ. ಹತ್ರ ಹೋಗುತ್ತೆ, ಆ ಹೊಡೆತಕ್ಕೆ ಹೈಡ್ರೋಜನ್ ಕಾದು 656.28 ನ್ಯಾನೋಮೀಟರ್‌ನಲ್ಲಿ ಹೊಳೆಯುತ್ತೆ. ಅದೇ ಎಚ್-ಆಲ್ಫಾ. ನಾನು ತಗೊಂಡಿದ್ದು ಪಿಡಿಎಸ್ 70 ಅನ್ನೋ ನಕ್ಷತ್ರ, ಸುಮಾರು 370 ಜ್ಯೋತಿರ್ವರ್ಷ ದೂರದ್ದು. ಇದರ ಎರಡನೇ ಗ್ರಹ 'ಸಿ' 2019ರಲ್ಲಿ ಸಿಕ್ಕಿದ್ದೇ ಚಿಲಿಯ ವಿಎಲ್‌ಟಿ ದೂರದರ್ಶಕದಲ್ಲಿರೋ ಮ್ಯೂಸ್ ಉಪಕರಣದ ಡೇಟಾದಲ್ಲಿ, ಅದು ಇಎಸ್‌ಒ ಅನ್ನೋ ಯುರೋಪಿನ ಖಗೋಳ ಸಂಸ್ಥೆಯ ಆರ್ಕೈವ್‌ನಲ್ಲಿ ಯಾರಿಗಾದ್ರೂ ಸಿಗುತ್ತೆ.

ಡೇಟಾ ಬರೋದು ಕ್ಯೂಬ್ ಆಗಿ, ಅಂದ್ರೆ ಚಿತ್ರದ ಒಂದೊಂದು ಪಿಕ್ಸೆಲ್‌ಗೂ ಒಂದೊಂದು ಸ್ಪೆಕ್ಟ್ರಮ್ (ಯಾವ ತರಂಗಾಂತರದಲ್ಲಿ ಎಷ್ಟು ಬೆಳಕು ಅನ್ನೋ ಪಟ್ಟಿ), ಒಟ್ಟು 90,000ದ ಆಸುಪಾಸು. ಇಷ್ಟಿದ್ರೂ ತಲೆನೋವು ಒಂದೇ: ಮೊದಲನೇ ಗ್ರಹ 'ಬಿ' ನಕ್ಷತ್ರದಿಂದ ಬರೀ 0.18 ಆರ್ಕ್‌ಸೆಕೆಂಡ್ (ಒಂದು ಆರ್ಕ್‌ಸೆಕೆಂಡ್ ಅಂದ್ರೆ ಡಿಗ್ರಿಯ 3,600ನೇ ಒಂದು ಭಾಗ) ದೂರ, ನಕ್ಷತ್ರದ ಬೆಳಕು ಅದರ ಮೇಲೆಲ್ಲಾ ಚೆಲ್ಲಿರುತ್ತೆ, ಸಾಲದ್ದಕ್ಕೆ ಆ ನಕ್ಷತ್ರಕ್ಕೂ ಸ್ವಂತದ್ದೊಂದು ಎಚ್-ಆಲ್ಫಾ ಇದೆ.

ಆದ್ರೆ ಚೆಲ್ಲಿರೋ ಬೆಳಕು ಎಲ್ಲೇ ಬಿದ್ರೂ ಅದರ ಸ್ಪೆಕ್ಟ್ರಮ್ ನಕ್ಷತ್ರದ್ದೇ ತಾನೆ. ಹಾಗಾಗಿ ಮೊದ್ಲು ನಕ್ಷತ್ರದ್ದೊಂದು ರೆಫರೆನ್ಸ್ ಸ್ಪೆಕ್ಟ್ರಮ್ ಮಾಡ್ಕೊಂಡು ಪ್ರತಿ ಪಿಕ್ಸೆಲ್‌ನ ಅದರಿಂದ ಭಾಗಿಸಿದೆ, ನಿಧಾನಕ್ಕೆ ಏರಿಳಿಯೋ ಭಾಗ ಸ್ಮೂದ್ ಮಾಡಿ ತೆಗೆದೆ, ಉಳಿದ ಕಸಕ್ಕೆ ಪಿಸಿಎ (ಡೇಟಾದಲ್ಲಿ ಮತ್ತೆ ಮತ್ತೆ ಬರೋ ಮಾದರಿಗಳನ್ನ, ಅಂದ್ರೆ ಕಾಂಪೊನೆಂಟ್‌ಗಳನ್ನ, ಹುಡುಕಿ ಕಳೆಯೋ ಲೆಕ್ಕ) ಹಾಕಿದೆ. ಪಿಸಿಎ ಕಾಂಪೊನೆಂಟ್ ಹೆಚ್ಚಿಸ್ತಾ ಹೋದ್ರೆ ಚಿತ್ರ ನೀಟಾಗ್ತಾ ಹೋಗುತ್ತೆ, ಆಸೆ ಆಗೋದು ಸಹಜ, ಆದ್ರೆ ಅದು ಗ್ರಹನೂ ಸೇರಿಸಿ ತಿಂದುಹಾಕುತ್ತೆ. ಎಷ್ಟಕ್ಕೆ ನಿಲ್ಲಿಸ್ಬೇಕು ಅಂತ ತಿಳಿಯೋಕೆ ಅಷ್ಟೇ ದೂರದಲ್ಲಿ, ಬೇರೆ ದಿಕ್ಕುಗಳಲ್ಲಿ ಸುಳ್ಳು ಗ್ರಹ ತುರುಕಿ ಎಷ್ಟು ಫ್ಲಕ್ಸ್ (ಬಂದು ತಲುಪೋ ಬೆಳಕಿನ ಪ್ರಮಾಣ) ವಾಪಸ್ ಬರುತ್ತೆ ನೋಡ್ದೆ, ಈ ಕೆಲಸ ಇಲ್ದೆ ತೋರಿಸೋ ಯಾವ ಚುಕ್ಕೇನೂ ನಾನು ನಂಬಲ್ಲ. ಆಮೇಲೆ 656 ನ್ಯಾನೋಮೀಟರ್ ಹತ್ರದ ನಾಲ್ಕೈದು ಚಾನೆಲ್ (ತರಂಗಾಂತರದ ಸಣ್ಣ ಸಣ್ಣ ತುಂಡು) ಕೂಡಿಸಿದ್ರೆ ಬಿ, ಸಿ ಎರಡೂ ಕಂಡ್ವು, ಪಕ್ಕದ ಚಾನೆಲ್‌ಗಳಲ್ಲಿ ಅದೇ ಜಾಗ ಖಾಲಿ.

ನಕ್ಷತ್ರದ ಸುತ್ತ ಇರೋ ಗ್ಯಾಸ್-ಧೂಳಿನ ಡಿಸ್ಕಿಂದ ಚದುರಿದ ಬೆಳಕೂ ಹೀಗೇ ಗ್ರಹದ ಥರ ಕಂಡು ಮೋಸ ಮಾಡ್ಬಹುದು. ಎಲ್‌ಕೆಸಿಎ 15 ಅನ್ನೋ ನಕ್ಷತ್ರದ ಹತ್ರ 2015ರಲ್ಲಿ ಗ್ರಹ ಅಂದಿದ್ರು, 2019ರಲ್ಲಿ ಆ ಬೆಳಕು ಬಹುಪಾಲು ಡಿಸ್ಕಿಂದು ಅಂತಾಯ್ತು. ಅದಕ್ಕೆ ಗ್ರಹದ ಎಚ್-ಆಲ್ಫಾ ಲೈನ್‌ನ ತರಂಗಾಂತರ ನಕ್ಷತ್ರದ್ದಕ್ಕಿಂತ ಸರಿದಿದ್ಯಾ (ಈ ಸರಿಯೋದನ್ನ ವೇಗದಲ್ಲಿ ಅಳೀತಾರೆ), ಆಕಾರ ಬೇರೆ ಇದ್ಯಾ ನೋಡ್ಬೇಕು, ಇಲ್ಲೋ ಮ್ಯೂಸ್‌ನ ಒಂದು ಚಾನೆಲ್ ಅಂದ್ರೇನೇ ಸೆಕೆಂಡಿಗೆ 57 ಕಿ.ಮೀ., ಪಿಡಿಎಸ್ 70 ಗ್ರಹಗಳ ಲೈನ್ ಸರಿದಿರೋದು ಅದರ ಅರ್ಧದಷ್ಟು. ಪೀಕ್ ಯಾವ ಚಾನೆಲ್‌ನಲ್ಲಿದೆ ಅಂತ ನೋಡಿದ್ರೆ ಸಾಲಲ್ಲ, ಗಾಸಿಯನ್ (ಗಂಟೆ ಆಕಾರದ ಗೆರೆ) ಫಿಟ್ ಮಾಡಿ ಸೆಂಟರ್ ತೆಗೀಬೇಕು.

ವರ್ಷಕ್ಕೆ ಎಷ್ಟು ಗ್ಯಾಸ್ ಬೀಳ್ತಿದೆ ಅಂತ ಕೇಳಿದ್ರೆ ನಾನು ಫ್ಲಕ್ಸ್ ಮಾತ್ರ ಕೊಡ್ತೀನಿ. ನಕ್ಷತ್ರಗಳಿಗೆ ಕಟ್ಟಿದ ಸೂತ್ರಕ್ಕೂ ಗ್ಯಾಸ್ ಬಡಿದು ಕಾಯೋದನ್ನ ಲೆಕ್ಕ ಹಾಕೋ ಗ್ರಹದ ಶಾಕ್ ಮಾಡೆಲ್‌ಗೂ ಉತ್ತರ ಹೊಂದಲ್ಲ, ಮಧ್ಯೆ ಧೂಳು ಎಷ್ಟು ಬೆಳಕು ನುಂಗಿದೆ ಅನ್ನೋದು ಬೇರೆ.