ಕತ್ತಿ ಬಲಗೈಯಲ್ಲಿ, ಕೆಲಸ ಎಡಗೈಯದ್ದು

ಮಡಚುವ ಉದ್ದ ಕತ್ತಿಯಿಂದ ನಾನೇ ದಾಡಿ ಮಾಡಿಕೊಳ್ಳುತ್ತೇನೆ ಅಂದರೆ ಎಲ್ಲರೂ ಕೇಳುವುದು ಒಂದೇ ಮಾತು, "ಕೈ ನಡುಗಲ್ವಾ?" ಇಲ್ಲ. ಹಗುರವಾಗಿ ಹಿಡಿದರೆ ಕತ್ತಿಯ ತೂಕಕ್ಕೇ ಕೂದಲು ಹೋಗುತ್ತದೆ. ಕಷ್ಟಪಟ್ಟು ಪಳಗಿಸಬೇಕಾದದ್ದು ಚರ್ಮ ಎಳೆದು ಹಿಡಿಯುವ ಇನ್ನೊಂದು ಕೈಯನ್ನು.

ಇದು ನನಗೆ ಹೊಳೆದದ್ದು ಧಾರವಾಡದ ನಮ್ಮ ಓಣಿಯ ಕಟಿಂಗ್ ಅಂಗಡಿಯಲ್ಲಿ ಪಾಳಿಗೆ ಕೂತಾಗ. ಅಂಗಡಿಯವರ ಎಡಗೈ ಒಂದು ಕ್ಷಣವೂ ಸುಮ್ನೆ ಇರುತ್ತಿರಲಿಲ್ಲ. ಹೆಬ್ಬೆರಳು ಕಿವಿಯ ಹತ್ತಿರ ಚರ್ಮವನ್ನು ಮೇಲಕ್ಕೆ ಎಳೆಯುತ್ತಿತ್ತು, ಕತ್ತಿ ಒಂದಿಂಚು ಇಳಿಯುವಷ್ಟರಲ್ಲಿ ಕೆಳಗೆ ಸರಿದು ಮತ್ತೆ ಎಳೆಯುತ್ತಿತ್ತು. ಅವರದು ಅರ್ಧ ಬ್ಲೇಡ್ ಸಿಕ್ಕಿಸುವ ಉಸ್ತರಾ, ಗಿರಾಕಿಗೊಂದು ಹೊಸ ಬ್ಲೇಡ್. ಅಂಗಡಿಗೆ ಅದೇ ಸರಿ. ಒಬ್ಬರ ರಕ್ತ ತಗುಲಿದ ಕತ್ತಿಯಿಂದ ಇನ್ನೊಬ್ಬರಿಗೆ ಹೆಪಟೈಟಿಸ್ ಬಿ ಅಂಟಬಹುದು. ನನ್ನದು ಮಸೆದು ಬಳಸುವ ಹಳೇ ಮಾದರಿ. ಜರ್ಮನಿಯ ಸೋಲಿಂಗೆನ್‌ನದ್ದು, ಅಲಗಿನ ಅಗಲ 5/8 ಇಂಚು. ಮನೆಯಲ್ಲಿ ಬೇರೆ ಯಾರೂ ಅದನ್ನು ಮುಟ್ಟುವುದಿಲ್ಲ.

ಮೊದಲು ನೀರಿನ ವಿಷಯ ಹೇಳುತ್ತೇನೆ. ನಮ್ಮ ಬೋರಿನ ನೀರು ಗಡಸು. ಅದರಲ್ಲಿ ಸೋಪಿನ ನೊರೆ ನಿಲ್ಲುವುದಿಲ್ಲ, ಕೆನ್ನೆಯ ಮೇಲೆ ಒಣಗಿ ಬಿಡುತ್ತದೆ. ಮಲಪ್ರಭೆ ನೀರು ನಲ್ಲಿಗೆ ಬಂದಾಗ ದಾಡಿಗೆಂದೇ ಒಂದು ಬಾಟಲಿ ತೆಗೆದಿಡುತ್ತೇನೆ. ಅದನ್ನು ಕಾಯಿಸಿ ಬ್ರಷ್‌ನಲ್ಲಿ ತಿರುವಿದರೆ ನೊರೆ ಗಟ್ಟಿ ಮೊಸರಿನ ಹಾಗೆ ಕೂರುತ್ತದೆ. ಅದಕ್ಕೂ ಮೊದಲು ಬಿಸಿನೀರಿನ ಟವೆಲ್ ಒಂದೆರಡು ನಿಮಿಷ ಮುಖದ ಮೇಲಿರಬೇಕು. ನೀರು ಕುಡಿದ ಕೂದಲು ಮೆತ್ತಗಾಗುತ್ತದೆ.

ಪ್ರತಿ ಸಲವೂ ದಾಡಿಗೆ ಮುಂಚೆ ಕತ್ತಿಯನ್ನು ಚರ್ಮದ ಪಟ್ಟಿಗೆ ಉಜ್ಜಬೇಕು. ದಪ್ಪನೆಯ ಬೆನ್ನು ಮುಂದೆ, ಹರಿತವಾದ ಅಂಚು ಹಿಂದೆ. ತುದಿಗೆ ಬಂದಾಗ ಕತ್ತಿಯನ್ನು ಬೆನ್ನಿನ ಮೇಲೇ ಹೊರಳಿಸಬೇಕು, ಹರಿತವಾದ ಅಂಚಿನ ಮೇಲೆ ಹೊರಳಿಸಿದರೆ ಪಟ್ಟಿಯೂ ಹೋಯಿತು, ಮೊನಚೂ ಹೋಯಿತು. ಮೂವತ್ತು ಸಲ ಹೋಗಿ ಬಂದರೆ ಸಾಕು. ಪಟ್ಟಿಗೆ ಉಜ್ಜಿದರೂ ಕೂದಲು ಜಗ್ಗಿದಂತೆ ಆಗತೊಡಗಿದರೆ ಸಾಣೆಕಲ್ಲಿನ ಕೆಲಸ ಬಂತು ಎಂದರ್ಥ. ದಿನವೂ ಕಲ್ಲಿಗೆ ಹಚ್ಚುವುದು ಬೇಡ, ಉಕ್ಕು ಸುಮ್ನೆ ಸವೆಯುತ್ತದೆ.

ಇನ್ನು ಎಡಗೈ. ಸೋಪು ಹಚ್ಚಿದ ಮುಖದ ಮೇಲೆ ಬೆರಳು ಜಾರುತ್ತದೆ, ಜಾರಿದರೆ ಚರ್ಮ ಸಡಿಲ, ಸಡಿಲಾದಲ್ಲಿ ಕತ್ತಿ ಕಚ್ಚುತ್ತದೆ. ಬೆರಳು ಒರೆಸಿಕೊಂಡು ಒದ್ದೆ ಪಟಿಕದ ತುಂಡಿಗೆ ಸವರಿದರೆ ಹಿಡಿತ ಬರುತ್ತದೆ. ಬಲಗೆನ್ನೆಗೆ ಎಡಗೈಯನ್ನು ತಲೆಯ ಮೇಲಿಂದ ಸುತ್ತಿ ತಂದು, ಕಿವಿಯ ಮುಂದಿನ ಚರ್ಮವನ್ನು ಮೇಲಕ್ಕೆ ಎಳೆಯುತ್ತೇನೆ. ಕತ್ತಿ ಚರ್ಮಕ್ಕೆ ಸುಮಾರು 30 ಡಿಗ್ರಿ ಓರೆ, ಎಳೆತ ಗಿಡ್ಡ. ಬಿಗಿಯಾಗಿ ಹಿಡಿದ ಚರ್ಮದ ಮೇಲೆ ಹೋಗುವಾಗ ಸಣ್ಣಗೆ ಕರಕರ ಸದ್ದು ಬರುತ್ತದೆ. ಆ ಸದ್ದು ನಿಂತರೆ ನಾನೂ ನಿಲ್ಲುತ್ತೇನೆ. ಕೋನ ತಪ್ಪಿರುತ್ತದೆ, ಇಲ್ಲವೇ ಎಡಗೈ ಸಡಿಲಾಗಿರುತ್ತದೆ. ಕತ್ತಿ ಚರ್ಮಕ್ಕೆ ತಾಗಿರುವಾಗ ಅಡ್ಡಡ್ಡ ಸರಿಸಲೇಬಾರದು, ಕೊಯ್ಯುವುದು ಹಾಗೆಯೇ.

ಕುತ್ತಿಗೆಯಲ್ಲಿ ಕೂದಲು ಒಂದೊಂದು ಕಡೆ ಒಂದೊಂದು ದಿಕ್ಕಿಗೆ ಬೆಳೆದಿರುತ್ತದೆ. ಹಿಂದಿನ ದಿನ ಬೆರಳಾಡಿಸಿ ದಿಕ್ಕು ನೋಡಿಕೊಳ್ಳಿ, ಅದೇ ದಿಕ್ಕಿಗೆ ಎಳೆಯಿರಿ. ಹೊಸಬರಿಗೆ ನನ್ನ ಒತ್ತಾಯ ಇಷ್ಟೇ: ಶುರುವಿನಲ್ಲಿ ಕೆನ್ನೆ ಮಾತ್ರ ಕತ್ತಿಯಿಂದ, ಉಳಿದದ್ದು ಎಂದಿನ ರೇಜರ್‌ನಿಂದ ಮುಗಿಸಿ. ಗದ್ದ ಮತ್ತು ಮೇಲ್ದುಟಿ ಕೊನೆಗೆ ಬರಲಿ. ಅಲ್ಲಿ ಚರ್ಮ ಎಳೆಯಲು ಜಾಗವೇ ಕಡಿಮೆ ಅಲ್ವಾ?

ಮುಗಿದ ಮೇಲೆ ತಣ್ಣೀರು, ಪಟಿಕ. ಕತ್ತಿಯನ್ನು ಚೆನ್ನಾಗಿ ಒರೆಸಿ ಇಡಬೇಕು. ಜೂನ್, ಜುಲೈನಲ್ಲಿ ಧಾರವಾಡದ ಜಿಟಿಜಿಟಿ ಮಳೆಗೆ ಕಾರ್ಬನ್ ಉಕ್ಕು ಬೇಗ ತುಕ್ಕು ಹಿಡಿಯುತ್ತದೆ. ಆಗ ಹೊಲಿಗೆ ಮಷೀನಿನ ಎಣ್ಣೆ ಒಂದು ಹನಿ ಸವರಿ, ಬಚ್ಚಲಲ್ಲಿ ಬಿಡದೆ, ಮಕ್ಕಳ ಕೈಗೆ ಸಿಗದ ಹಾಗೆ ಕಪಾಟಿನ ಮೇಲಿನ ಅರೆಯಲ್ಲಿಡುತ್ತೇನೆ.